ಹೊಳೆಯುವ ಚಕ್ರದ ಒಳಗುಟ್ಟು

ಆಯುಧಪೂಜೆಯ ಹಿಂದಿನ ದಿನ ಸಂಜೆ ಕರ್ನಾಟಕದ ಯಾವ ಊರಿನ ಯಾವ ಬೀದಿಗೆ ಹೋದರೂ ಕಾಣುವುದು ಒಂದೇ ನೋಟ. ಮನೆ ಮುಂದೆ ನೀರಿನ ಬಕೆಟ್ಟು, ಹಳೆಯ ಬನಿಯನ್ನಿನ ತುಂಡು, ಪಾತ್ರೆ ತಿಕ್ಕುವ ಪುಡಿ, ತೆಂಗಿನ ನಾರು. ಮಗನ ಸೈಕಲ್ಲು, ಅಪ್ಪನ ಬೈಕು, ಪಕ್ಕದ ಮನೆಯವರ ಕಾರು ಎಲ್ಲಕ್ಕೂ ಅಂದು ಅಭ್ಯಂಜನ. ಎಲ್ಲಕ್ಕಿಂತ ಹೆಚ್ಚು ಉಜ್ಜಿಸಿಕೊಳ್ಳುವುದು ಚಕ್ರದ ರಿಮ್ಮು. ಉಜ್ಜಿದಷ್ಟೂ ಹೊಳೆಯುತ್ತದೆ ಎಂಬ ನಂಬಿಕೆಯಿಂದ ಹಿತ್ತಾಳೆಯ ಬಿಂದಿಗೆಗೆ ಸಲ್ಲುವ ಸಕಲ ಉಪಚಾರವೂ ಅದಕ್ಕೆ ಸಲ್ಲುತ್ತದೆ. ಕೆಲವರು ಹುಣಸೆಹಣ್ಣನ್ನೂ ತರುತ್ತಾರೆ. ಮರುದಿನ ಪೂಜೆಯಾದ ಮೇಲೆ ಚಕ್ರದಡಿ ನಿಂಬೆಹಣ್ಣು ಚಿಟಿಲ್ಲೆಂದು ಒಡೆದು ಅದರ ರಸವೂ ರಿಮ್ಮಿಗೇ ಸಿಡಿಯುತ್ತದೆ.

ಬಿಂದಿಗೆ ಹೊರಗೂ ಒಳಗೂ ಹಿತ್ತಾಳೆಯೇ. ಎಷ್ಟು ತಿಕ್ಕಿದರೂ ಕೆಳಗೆ ಸಿಗುವುದು ಮತ್ತೆ ಹಿತ್ತಾಳೆ. ರಿಮ್ಮಿನ ಕಥೆ ಹಾಗಲ್ಲ. ಅಲ್ಲಿ ಕನ್ನಡಿಯಂತೆ ಹೊಳೆಯುವ ಕ್ರೋಮಿಯಂ ಪದರದ ದಪ್ಪ ಸಾಮಾನ್ಯವಾಗಿ ಕಾಲು ಮೈಕ್ರಾನಿನಿಂದ ಅರ್ಧ ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮನುಷ್ಯನ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಅಂದರೆ ಕೂದಲನ್ನು ಉದ್ದುದ್ದ ಇನ್ನೂರು ಸೀಳು ಮಾಡಿದರೆ ಒಂದು ಸೀಳಿನ ದಪ್ಪ ಎಷ್ಟೋ, ಅಷ್ಟೇ ಈ ಪದರ.

ಲೆಕ್ಕ ಹಾಕಲು ಇಷ್ಟಪಡುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಸ್ವಾರಸ್ಯವಿದೆ. 28 ಇಂಚಿನ ಸೈಕಲ್ಲಿನ ರಿಮ್ಮಿನ ಸುತ್ತಳತೆ ಹೆಚ್ಚುಕಡಿಮೆ ಎರಡು ಮೀಟರ್. ಅದರ ಮಡಿಕೆಗಳನ್ನೆಲ್ಲ ಬಿಡಿಸಿ ಎರಡೂ ಮೈ ಸೇರಿಸಿದರೆ ಅಗಲ ಸುಮಾರು ಹತ್ತು ಸೆಂಟಿಮೀಟರ್ ಎಂದುಕೊಳ್ಳೋಣ. ಒಟ್ಟು ವಿಸ್ತೀರ್ಣ 2,000 ಚದರ ಸೆಂಟಿಮೀಟರ್. ಅದರ ಮೇಲೆ 0.3 ಮೈಕ್ರಾನ್ ದಪ್ಪದ ಕ್ರೋಮಿಯಂ ಇದ್ದರೆ ಗಾತ್ರ 0.06 ಘನ ಸೆಂಟಿಮೀಟರ್. ಕ್ರೋಮಿಯಂನ ಸಾಂದ್ರತೆ 7.19. ಗುಣಿಸಿದರೆ 0.43 ಗ್ರಾಂ. ಇಪ್ಪತ್ತು ಅಕ್ಕಿಕಾಳಿನ ತೂಕ! ಇಡೀ ಚಕ್ರದ ವೈಭವ ನಿಂತಿರುವುದು ಇಷ್ಟರ ಮೇಲೆ. ಇದನ್ನು ಹಿಡಿದು ನಾರಿನಿಂದ ತಿಕ್ಕುವುದು ಎಷ್ಟು ಜಾಣತನವೆಂದು ಮನೆಯವರೇ ನಿರ್ಧರಿಸಬಹುದು.

ಹೊಳಪು ಒಬ್ಬರದು, ದುಡಿಮೆ ಇನ್ನೊಬ್ಬರದು

ಕ್ರೋಮಿಯಂ ಲೋಹವನ್ನು ಲೋಕಕ್ಕೆ ಪರಿಚಯಿಸಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ನಿಕೊಲಾ ವೋಕ್ಲೆ. ಸೈಬೀರಿಯಾದಿಂದ ಬಂದ ಕೆಂಪು ಬಣ್ಣದ ಸೀಸದ ಅದಿರಿನಲ್ಲಿ ಹೊಸ ಧಾತುವೊಂದು ಅಡಗಿದೆ ಎಂದು ಅವನು ಕಂಡುಕೊಂಡದ್ದು 1797ರಲ್ಲಿ. ಅದರ ಸಂಯುಕ್ತಗಳು ಹಳದಿ, ಕಿತ್ತಳೆ, ಹಸಿರು ಎಂದು ಬಗೆಬಗೆಯ ಬಣ್ಣ ತೋರಿದ್ದರಿಂದ ಬಣ್ಣವೆಂಬ ಅರ್ಥದ ಗ್ರೀಕ್ ಪದ ‘ಕ್ರೋಮ’ವೇ ಹೆಸರಾಯಿತು. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಕಾರಣ ಇದೇ ಧಾತುವಿನ ಅಲ್ಪಾಂಶ. ಪ್ರಯೋಗಾಲಯದ ಬರ್ನರಿನಿಂದ ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತನಾದ ರಾಬರ್ಟ್ ಬುನ್ಸೆನ್ 1854ರಲ್ಲಿ ವಿದ್ಯುತ್ತಿನ ಸಹಾಯದಿಂದ ಇದನ್ನು ದ್ರಾವಣದಿಂದ ಬೇರ್ಪಡಿಸಿ ತೋರಿಸಿದ. ಆದರೆ ಲೇಪನಕ್ಕೆ ಅದು ಒಗ್ಗಿದ್ದು 1920ರ ದಶಕದಲ್ಲಿ. ಅಮೆರಿಕದ ಜಾರ್ಜ್ ಸಾರ್ಜೆಂಟ್ 1920ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಅನಂತರ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ನಡೆಸಿದ ಕೆಲಸ ಇದಕ್ಕೆ ದಾರಿ ಮಾಡಿದವು. ಆ ದಶಕ ಮುಗಿಯುವ ಹೊತ್ತಿಗೆ ಕಾರುಗಳ ಬಂಪರು, ದೀಪದ ಬಳೆ, ಚಕ್ರದ ಮುಚ್ಚಳ ಎಲ್ಲವೂ ಕ್ರೋಮ್ ತೊಟ್ಟು ಮಿಂಚತೊಡಗಿದವು.

ಅದಕ್ಕೆ ಮುಂಚೆ ಕಾರುಗಳಿಗೆ ಬಳಿಯುತ್ತಿದ್ದದ್ದು ನಿಕ್ಕಲ್. ಅದೂ ಹೊಳೆಯುತ್ತದೆ, ಆದರೆ ಕೆಲವೇ ವಾರಗಳಲ್ಲಿ ಮಂಕಾಗಿ ಹಳದಿಗೆ ತಿರುಗುತ್ತದೆ. ಕ್ರೋಮಿಯಂ ಬಂದ ಮೇಲೆ ನಿಕ್ಕಲ್ ಮನೆಬಿಟ್ಟು ಹೋಗಲಿಲ್ಲ, ಮಹಡಿ ಬಿಟ್ಟು ಕೆಳಗಿಳಿಯಿತು ಅಷ್ಟೆ. ಇಂದಿಗೂ ‘ಕ್ರೋಮ್ ಪ್ಲೇಟಿಂಗ್’ ಎಂದು ನಾವು ಕರೆಯುವುದು ನಿಜಕ್ಕೂ ನಿಕ್ಕಲ್ ಪ್ಲೇಟಿಂಗೇ. ಮೇಲಿನ ಕ್ರೋಮಿಯಂ ಅದಕ್ಕೆ ಹೊದಿಸಿದ ತೆಳು ಪರದೆ. ಉಕ್ಕಿನ ರಿಮ್ಮಿನ ಮೇಲೆ ಮೊದಲು, ಬೇಕೆನಿಸಿದರೆ, ತಾಮ್ರ. ಅದರ ಮೇಲೆ ಹತ್ತರಿಂದ ನಲವತ್ತು ಮೈಕ್ರಾನ್ ನಿಕ್ಕಲ್. ತುತ್ತತುದಿಗೆ ಆ ಅರ್ಧ ಮೈಕ್ರಾನಿನ ಕ್ರೋಮಿಯಂ. ಮೊದಲು ಲೆಕ್ಕ ಹಾಕಿದ ಅದೇ ರಿಮ್ಮಿಗೆ ಇಪ್ಪತ್ತು ಮೈಕ್ರಾನ್ ನಿಕ್ಕಲ್ ಹಾಕಿದರೆ ಅದರ ತೂಕ 35 ಗ್ರಾಂ ದಾಟುತ್ತದೆ. ಎಲ್ಲಿ ಅರ್ಧ ಗ್ರಾಂ, ಎಲ್ಲಿ ಮೂವತ್ತೈದು! ಉಕ್ಕಿಗೆ ನೀರು ಗಾಳಿ ತಾಗದಂತೆ ಕಾಯುವ ದುಡಿಮೆಯೆಲ್ಲ ನಿಕ್ಕಲ್ಲಿನದು. ಕ್ರೋಮಿಯಂ ಕೊಡುವುದು ನೀಲಿ ಛಾಯೆಯ ಆ ತಣ್ಣನೆಯ ಹೊಳಪನ್ನು, ಗಟ್ಟಿತನವನ್ನು, ಮತ್ತು ಮಾಸದ ಗುಣವನ್ನು.

ಇದನ್ನು ಅಮೆರಿಕದವರು ಕಷ್ಟಪಟ್ಟು ಕಲಿತರು. 1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧದ ಕಾಲದಲ್ಲಿ ನಿಕ್ಕಲ್ ಸೈನ್ಯದ ಅಗತ್ಯಗಳಿಗೆ ಮೀಸಲಾಯಿತು. ಕಾರು ತಯಾರಕರು ನಿಕ್ಕಲ್ ಇಲ್ಲದೆ ತಾಮ್ರದ ಮೇಲೆಯೇ ಕ್ರೋಮ್ ಹಾಕಿ, ಮೇಲೊಂದು ಪಾರದರ್ಶಕ ವಾರ್ನಿಷ್ ಬಳಿದು ಕಳಿಸಿದರು. ಅಂಗಡಿಯಲ್ಲಿ ನೋಡಲು ಏನೂ ವ್ಯತ್ಯಾಸವಿರಲಿಲ್ಲ. ಮಳೆ, ಹಿಮ, ರಸ್ತೆಗೆ ಹಾಕುವ ಉಪ್ಪು ತಾಗಿದ್ದೇ ತಡ, ಬಣ್ಣ ಬಯಲಾಯಿತು. ಹಳೆಯ ಕಾರುಗಳನ್ನು ಸಂಗ್ರಹಿಸುವವರು ಇಂದಿಗೂ ಆ ವರ್ಷಗಳ ಕ್ರೋಮಿನ ಬಗ್ಗೆ ಮೂಗು ಮುರಿಯುತ್ತಾರೆ.

ತೊಟ್ಟಿಯಲ್ಲಿ ಏನು ನಡೆಯುತ್ತದೆ?

ಪಾತ್ರೆಗೆ ಕಲಾಯಿ ಹಾಕುವವರನ್ನು ನೋಡಿದ ಹಿರಿಯರಿಗೆ ಗಿಲೀಟಿನ ಮೊದಲ ಪಾಠ ಗೊತ್ತೇ ಇದೆ. ಕಲಾಯಿಗಿಂತ ಮುಂಚೆ ಪಾತ್ರೆಯನ್ನು ಕಾಲಿನಿಂದ ತಿರುಗಿಸಿ ತಿರುಗಿಸಿ ಉಜ್ಜುವುದೇ ದೊಡ್ಡ ಕೆಲಸ. ಜಿಡ್ಡು ಉಳಿದಲ್ಲಿ ತವರ ಹಿಡಿಯುವುದಿಲ್ಲ. ಪ್ಲೇಟಿಂಗ್ ಕಾರ್ಖಾನೆಯಲ್ಲೂ ಅಷ್ಟೆ. ಉಕ್ಕನ್ನು ನಯಮಾಡುವುದು, ಕ್ಷಾರದಲ್ಲಿ ಅದ್ದಿ ಜಿಡ್ಡು ತೆಗೆಯುವುದು, ಆಮ್ಲದಲ್ಲಿ ಅದ್ದಿ ತುಕ್ಕಿನ ಕಣ ಬಿಡಿಸುವುದು, ನಡುನಡುವೆ ನೀರಿನಲ್ಲಿ ಜಾಲಿಸುವುದು: ಸಮಯವೂ ಶ್ರಮವೂ ಹೋಗುವುದು ಇಲ್ಲಿಯೇ. ವರ್ಷದೊಳಗೆ ಸಿಪ್ಪೆಯಂತೆ ಏಳುವ ಕ್ರೋಮಿನ ಹಿಂದೆ ಬಹುಮಟ್ಟಿಗೆ ಇರುವುದು ಈ ತಯಾರಿಯಲ್ಲಿ ಮಾಡಿದ ಅವಸರ.

ಅನಂತರ ರಿಮ್ಮನ್ನು ಋಣಾಗ್ರವಾಗಿ ತೂಗುಹಾಕಿ ನಿಕ್ಕಲ್ ದ್ರಾವಣದ ತೊಟ್ಟಿಗೆ ಇಳಿಸುತ್ತಾರೆ. ಅಲ್ಲಿ ಅರ್ಧ ಗಂಟೆಯಷ್ಟು ವಾಸ. ಕೊನೆಗೆ ಕ್ರೋಮ್ ತೊಟ್ಟಿ. ಹಲವು ದಶಕಗಳಿಂದ ನಡೆದುಬಂದಿರುವ ಪಾಕ ಹೀಗಿದೆ: ಒಂದು ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಮ್ಲ, ಅದರ ನೂರರಲ್ಲಿ ಒಂದು ಪಾಲು ಸಲ್ಫ್ಯೂರಿಕ್ ಆಮ್ಲ, ನಲವತ್ತು ಡಿಗ್ರಿಯ ಆಸುಪಾಸಿನ ಬಿಸಿ. ಧನಾಗ್ರ ಕ್ರೋಮಿಯಂನದಲ್ಲ, ಸೀಸದ ಮಿಶ್ರಲೋಹದ್ದು. ಈ ತೊಟ್ಟಿಯ ಒಂದು ದೌರ್ಬಲ್ಯವೆಂದರೆ ದುಂದುಗಾರಿಕೆ. ಹರಿಸಿದ ವಿದ್ಯುತ್ತಿನಲ್ಲಿ ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಲೋಹವನ್ನು ಕೂರಿಸಲು ಬಳಕೆಯಾಗುತ್ತದೆ. ಉಳಿದದ್ದು ಜಲಜನಕದ ಗುಳ್ಳೆಯಾಗಿ ಹಾರಿಹೋಗುತ್ತದೆ.

ಪಿಯುಸಿಯಲ್ಲಿ ಫ್ಯಾರಡೆಯ ನಿಯಮ ಓದಿದವರು ಇದನ್ನು ಪರೀಕ್ಷಿಸಬಹುದು. 52 ಗ್ರಾಂ ಕ್ರೋಮಿಯಂ ಕೂರಿಸಲು ಆರು ಎಲೆಕ್ಟ್ರಾನುಗಳ ಲೆಕ್ಕದಲ್ಲಿ 5,79,000 ಕೂಲಂಬ್ ಬೇಕು. 0.43 ಗ್ರಾಮಿಗೆ ಸುಮಾರು 4,800. ದಕ್ಷತೆ ಶೇಕಡ 15 ಎಂದು ಹಿಡಿದರೆ 32,000 ಕೂಲಂಬ್. ಚದರ ಡೆಸಿಮೀಟರಿಗೆ 12 ಆಂಪಿಯರಿನಂತೆ ಇಡೀ ರಿಮ್ಮಿಗೆ 240 ಆಂಪಿಯರ್ ಹರಿಸಿದರೆ ಕೆಲಸ ಮುಗಿಯಲು ಎರಡು ಕಾಲು ನಿಮಿಷ ಸಾಕು.

ಇನ್ನೊಂದು ದೌರ್ಬಲ್ಯ ವಾಹನದ ಒಡೆಯನಿಗೆ ನೇರವಾಗಿ ಸಂಬಂಧಿಸಿದ್ದು. ವಿದ್ಯುತ್ತು ಉಬ್ಬಿದ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ, ತಗ್ಗು ಮೂಲೆಗಳಿಗೆ ಹೋಗಲು ಸೋಮಾರಿ. ಹಾಗಾಗಿ ರಿಮ್ಮಿನ ಹೊರ ಅಂಚಿನಲ್ಲಿ ಲೇಪನ ದಪ್ಪ. ಕಡ್ಡಿ ತೂರುವ ತೂತಿನ ಸುತ್ತ, ಮಡಿಕೆಯ ಒಳಗೆ, ಬೆಸುಗೆಯ ಸಂದಿನಲ್ಲಿ ತೆಳು. ಯಾವ ಹಳೆಯ ಸೈಕಲ್ಲನ್ನೇ ನೋಡಿದರೂ ಕಂದು ಚುಕ್ಕೆ ಮೊದಲು ಮೂಡಿರುವುದು ಕಡ್ಡಿಯ ನಿಪ್ಪಲ್ಲಿನ ಬುಡದಲ್ಲೇ.

ತುಕ್ಕು ಹಿಡಿಯುವುದು ಕ್ರೋಮಿಗಲ್ಲ

ಕ್ರೋಮಿಗೆ ತುಕ್ಕು ಹಿಡಿಯಿತು ಎಂಬುದು ವಾಡಿಕೆಯ ಮಾತು. ಆದರೆ ಆ ಕಂದು ಪುಡಿ ಕಬ್ಬಿಣದ್ದು. ಕ್ರೋಮಿಯಂ ಗಾಳಿಗೆ ತೆರೆದುಕೊಂಡ ಕ್ಷಣದಲ್ಲೇ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆಯನ್ನು ತಾನೇ ಹೊದ್ದುಕೊಳ್ಳುತ್ತದೆ. ಗೀರಿದರೆ ಮತ್ತೆ ಹೊದ್ದುಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ತಟ್ಟೆಯನ್ನು ಕಾಯುವುದೂ ಇದೇ ಪೊರೆ.

ಹಾಗಾದರೆ ನೀರು ಒಳಗೆ ಹೋಗುವುದು ಹೇಗೆ? ಕ್ರೋಮಿಯಂ ಪದರದಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಬಿರುಕುಗಳೂ ರಂಧ್ರಗಳೂ ಇರುತ್ತವೆ. ಉಪ್ಪಿನಂಶವಿರುವ ಹನಿಯೊಂದು ರಂಧ್ರದಲ್ಲಿ ಕೂತರೆ ಅಲ್ಲೊಂದು ಪುಟ್ಟ ವಿದ್ಯುತ್ ಕೋಶ ಹುಟ್ಟಿಕೊಳ್ಳುತ್ತದೆ. ಪೊರೆ ಹೊದ್ದ ಕ್ರೋಮಿಯಂ ಋಣಾಗ್ರ, ರಂಧ್ರದ ತಳದ ನಿಕ್ಕಲ್ ಧನಾಗ್ರ. ಸುತ್ತಲಿನ ವಿಶಾಲವಾದ ಕ್ರೋಮಿಯಂನ ಒತ್ತಡವೆಲ್ಲ ಸೂಜಿಮೊನೆಯಷ್ಟು ನಿಕ್ಕಲ್ಲಿನ ಮೇಲೆ ಬಿದ್ದು ಅದು ಕರಗುತ್ತಾ ಬಾವಿ ತೋಡಿದಂತೆ ಕೆಳಕ್ಕಿಳಿಯುತ್ತದೆ. ಬಾವಿ ಉಕ್ಕನ್ನು ಮುಟ್ಟಿದ ದಿನ ಕಂದು ಚುಕ್ಕೆ ಪ್ರತ್ಯಕ್ಷ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಪದರವನ್ನು ಎತ್ತಿ ಗುಳ್ಳೆ ಮಾಡುತ್ತದೆ.

ಇದನ್ನು ತಡೆಯಲು ಎಂಜಿನಿಯರುಗಳು ಮಾಡಿದ ಉಪಾಯಗಳು ಬಹಳ ಚೆನ್ನಾಗಿವೆ. ಒಂದು, ನಿಕ್ಕಲ್ಲನ್ನೇ ಎರಡು ಪದರವಾಗಿ ಹಾಕುವುದು. ಕೆಳಗಿನದರಲ್ಲಿ ಗಂಧಕ ಇರುವುದಿಲ್ಲ, ಮೇಲಿನ ಹೊಳೆಯುವ ಪದರದಲ್ಲಿ ಇರುತ್ತದೆ. ಗಂಧಕವಿರುವ ಪದರ ಬೇಗ ಕರಗುವ ಸ್ವಭಾವದ್ದಾದ್ದರಿಂದ ತೋಡುವ ಬಾವಿ ಕೆಳಗಿನ ಪದರದ ಬಳಿ ನಿಂತು ಅಡ್ಡಕ್ಕೆ ತಿರುಗುತ್ತದೆ. ಉಕ್ಕು ಬಚಾವಾಗುತ್ತದೆ. ಇನ್ನೊಂದು ಉಪಾಯ ಕೇಳಲು ತಲೆಕೆಳಗಾದದ್ದು: ಕ್ರೋಮಿಯಂನಲ್ಲಿ ರಂಧ್ರಗಳಿರುವುದೇ ತೊಂದರೆಯಾದರೆ ಬೇಕೆಂದೇ ಇನ್ನಷ್ಟು ರಂಧ್ರ ಮಾಡಿಬಿಡುವುದು! ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸೂಕ್ಷ್ಮ ರಂಧ್ರಗಳಿದ್ದರೆ ಹಾನಿ ಅಷ್ಟೂ ಕಡೆ ಹಂಚಿಹೋಗಿ ಎಲ್ಲಿಯೂ ಆಳಕ್ಕೆ ಇಳಿಯುವುದಿಲ್ಲ. ಒಳ್ಳೆಯ ಕಾರಿನ ಚಕ್ರಕ್ಕೂ ಅಗ್ಗದ ಬಿಡಿಭಾಗಕ್ಕೂ ಇರುವ ವ್ಯತ್ಯಾಸ ಇಂಥ ಕಡೆ. ಅಂಗಡಿಯ ದೀಪದ ಬೆಳಕಿನಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ. ಲೇಪನ ಎಂಥ ಪರಿಸರಕ್ಕೆ ಎಷ್ಟು ದಪ್ಪವಿರಬೇಕೆಂದು ಹೇಳುವ ಭಾರತೀಯ ಮಾನಕವೊಂದಿದೆ, ಐಎಸ್ 1068. ಬದಲಿ ರಿಮ್ ಕೊಳ್ಳುವಾಗ ಅದರ ಬಗ್ಗೆ ವಿಚಾರಿಸುವ ಗಿರಾಕಿ ಅಪರೂಪ.

ಊರಿಗೊಂದು ಶತ್ರು

ಕರಾವಳಿಯಲ್ಲಿ ಶತ್ರು ಸಮುದ್ರದ ಗಾಳಿ. ಅದರಲ್ಲಿನ ಕ್ಲೋರೈಡ್ ನಿಕ್ಕಲ್ಲನ್ನು ಕೊರೆಯುವುದರಲ್ಲಿ ನಿಸ್ಸೀಮ. ಮಂಗಳೂರು, ಕಾರವಾರದ ಬೈಕಿಗೂ ಕಲಬುರಗಿಯ ಬೈಕಿಗೂ ಒಂದೇ ಕಾರ್ಖಾನೆಯ ರಿಮ್ಮಿದ್ದರೂ ಆಯುಷ್ಯ ಬೇರೆ. ಬಯಲುಸೀಮೆಯಲ್ಲಿ ಗಾಳಿ ಒಣದು, ಆದರೆ ಕೊಳವೆ ಬಾವಿಯ ಗಡಸು ನೀರು ಆರಿದಲ್ಲಿ ಸುಣ್ಣದ ಬಿಳಿ ಕಲೆ ಬಿಡುತ್ತದೆ. ಕಲೆಯ ಅಡಿಯಲ್ಲಿ ತೇವ ಕೂತುಬಿಡುತ್ತದೆ. ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಆರದ ಕೆಸರು. ಡಿಸ್ಕ್ ಬ್ರೇಕಿನ ವಾಹನಗಳಲ್ಲಿ ಊರು ಯಾವುದಾದರೂ ಇನ್ನೊಂದು ಪೀಡೆ ಇದೆ: ಬ್ರೇಕ್ ಹಿಡಿದಾಗ ಉದುರುವ ಕಬ್ಬಿಣದ ಬಿಸಿ ಪುಡಿ. ಅದು ರಿಮ್ಮಿಗೆ ಅಂಟಿ, ನೀರು ಬಿದ್ದಾಗ ತಾನೇ ತುಕ್ಕು ಹಿಡಿದು, ಕ್ರೋಮೇ ಹಾಳಾಯಿತೇನೋ ಎಂಬ ಭ್ರಮೆ ಹುಟ್ಟಿಸುತ್ತದೆ. ತೊಳೆದರೆ ಹೋಗುತ್ತದೆ, ಬಿಟ್ಟರೆ ಹೋಗುವುದಿಲ್ಲ.

ಇವೆಲ್ಲಕ್ಕಿಂತ ಕೆಡುಕು ಮಾಡುವ ಶತ್ರುಗಳು ಮನೆಯೊಳಗೇ ಇವೆ. ಕಕ್ಕಸು ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲದ ದ್ರವ ಅವುಗಳಲ್ಲಿ ಮೊದಲನೆಯದು. ಹಳೆಯ ಕ್ರೋಮಿಯಂ ಲೇಪನವನ್ನು ಕಳಚಲು ಪ್ಲೇಟಿಂಗ್ ಅಂಗಡಿಯವರು ಬಳಸುವುದು ಇದೇ ಆಮ್ಲವನ್ನು! ಹುಣಸೆ, ನಿಂಬೆಯ ಆಮ್ಲ ಇಷ್ಟು ಉಗ್ರವಲ್ಲ, ಆದರೆ ರಂಧ್ರಗಳಲ್ಲಿ ಇಳಿದು ಕೂತರೆ ಕೆಳಗಿನ ಲೋಹಗಳನ್ನು ಬಿಡುವುದಿಲ್ಲ. ಪೂಜೆಯ ನಿಂಬೆಹಣ್ಣಿಗೆ ಯಾರೂ ಅಡ್ಡಿ ಹೇಳಬೇಕಾಗಿಲ್ಲ. ಸಂಜೆ ಒಂದು ಚೊಂಬು ನೀರು ಹಾಕಿ ಒರೆಸಿಬಿಟ್ಟರಾಯಿತು.

ಆರೈಕೆಯ ರೀತಿ

ಕ್ರೋಮ್ ಬೇಡುವ ಸೇವೆ ಬಹಳ ಸರಳ. ಚಕ್ರ ತಣ್ಣಗಿರುವಾಗ ಮೊದಲು ಬರಿ ನೀರು ಹರಿಸಿ ಮರಳು, ಮಣ್ಣನ್ನು ಇಳಿಸಬೇಕು. ಮರಳಿದ್ದಾಗಲೇ ಬಟ್ಟೆ ಹಾಕಿ ಉಜ್ಜಿದರೆ ಬಟ್ಟೆಯೇ ಉಪ್ಪುಕಾಗದವಾಗುತ್ತದೆ. ಅನಂತರ ಶಾಂಪೂ ಅಥವಾ ಮೆದು ಸೋಪಿನ ನೀರು, ಮೆತ್ತನೆಯ ಬಟ್ಟೆ, ಕಡ್ಡಿಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಮತ್ತೆ ನೀರು. ಕೊನೆಯದು ಅತಿ ಮುಖ್ಯವಾದದ್ದು, ಅದನ್ನೇ ಹೆಚ್ಚಿನವರು ಬಿಡುವುದು: ಒಣ ಬಟ್ಟೆಯಿಂದ ಒರೆಸಿ ಪೂರ್ತಿ ಆರಿಸುವುದು. ಕರಾವಳಿಯಲ್ಲಿ ವಾರಕ್ಕೊಮ್ಮೆ ಇಷ್ಟು ಮಾಡಿದರೆ ತಿಂಗಳಿಗೊಮ್ಮೆ ಮಾಡುವ ಮಹಾಮಜ್ಜನಕ್ಕಿಂತ ಮೇಲು. ಒದ್ದೆ ವಾಹನಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಮುಚ್ಚಿಡುವುದಂತೂ ತುಕ್ಕಿಗೆ ಕೊಟ್ಟ ಆಮಂತ್ರಣ.

ಚಿಕ್ಕ ಕಂದು ಚುಕ್ಕೆ ಕಂಡರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸಾಕು. ರೊಟ್ಟಿ, ಚಪಾತಿ ಸುತ್ತುವ ಆ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಹಗುರವಾಗಿ ತಿಕ್ಕಿದರೆ ತುಕ್ಕು ಬಿಟ್ಟುಬರುತ್ತದೆ. ಅಲ್ಯೂಮಿನಿಯಂ ಕ್ರೋಮಿಯಂಗಿಂತ ಬಹಳ ಮೆದು ಲೋಹವಾದ್ದರಿಂದ ಗೀರು ಬೀಳುವ ಭಯ ಕಡಿಮೆ. ಉಕ್ಕಿನ ಒರಟು ನಾರಿಗೆ ಈ ಮರ್ಯಾದೆ ಇಲ್ಲ. ಅದು ಗೀರುವುದಲ್ಲದೆ ತನ್ನ ಕಬ್ಬಿಣದ ಚೂರುಗಳನ್ನೂ ಅಲ್ಲಿಯೇ ಬಿಟ್ಟುಹೋಗುತ್ತದೆ. ತುಕ್ಕು ತೆಗೆದ ಜಾಗದಲ್ಲಿ ರಂಧ್ರ ಹಾಗೇ ಇರುವುದರಿಂದ ಅದನ್ನು ಮುಚ್ಚಲು ತೆಳುವಾಗಿ ವಾಹನದ ಮೇಣ ಹಚ್ಚಬೇಕು. ಮೇಣ ಎರಡು ಮೂರು ತಿಂಗಳಿಗೊಮ್ಮೆ ಹೊಸದಾಗಲಿ. ಎಣ್ಣೆ, ಸೀಮೆಎಣ್ಣೆ ಒರೆಸುವ ಹಳೆಯ ಪದ್ಧತಿಯೂ ನೀರನ್ನು ಕೊಂಚ ದೂರವಿಡುತ್ತದೆ ನಿಜ, ಆದರೆ ಧೂಳನ್ನು ಹತ್ತಿರ ಕರೆಯುತ್ತದೆ, ಟೈರಿನ ರಬ್ಬರನ್ನು ಕೆಡಿಸುತ್ತದೆ.

ಇಲ್ಲಿ ಸೈಕಲ್ ತುಳಿದು ಶಾಲೆಗೆ ಹೋಗುವ ಮಕ್ಕಳ ಪೋಷಕರು ಒಂದು ಮಾತನ್ನು ಗಮನಿಸಬೇಕು. ಸೈಕಲ್ಲಿನ ರಿಮ್ಮು ಬರಿ ಅಲಂಕಾರವಲ್ಲ, ಅದು ಬ್ರೇಕಿನ ಅರ್ಧ ಭಾಗ. ಹಳೆಯ ಕಂಬಿ ಬ್ರೇಕಿನ ಸೈಕಲ್ಲುಗಳಲ್ಲಿ ರಬ್ಬರಿನ ತುಂಡುಗಳು ರಿಮ್ಮಿನ ಒಳಮೈಗೆ, ಅಂದರೆ ಹಬ್ಬಿನ ಕಡೆಯ ಮೈಗೆ ಒತ್ತುತ್ತವೆ. ಕೇಬಲ್ ಬ್ರೇಕಿನವುಗಳಲ್ಲಿ ಎರಡೂ ಪಕ್ಕಗಳಿಗೆ. ಈ ಜಾಗಗಳಿಗೆ ಮೇಣವಾಗಲಿ ಎಣ್ಣೆಯಾಗಲಿ ತಾಗಲೇಬಾರದು. ತಾಗಿದರೆ ಸೈಕಲ್ ಹೊಳೆಯುತ್ತದೆ, ನಿಲ್ಲುವುದಿಲ್ಲ. ಏನೂ ಹಚ್ಚದಿದ್ದರೂ ಕ್ರೋಮ್ ರಿಮ್ ಒದ್ದೆಯಾದಾಗ ಬ್ರೇಕಿಗೆ ಸರಿಯಾಗಿ ಹಿಡಿತ ಸಿಗುವುದಿಲ್ಲ. ಅಷ್ಟು ನುಣುಪಾದ ಮೈಮೇಲೆ ನೀರಿನ ಪೊರೆ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಇಳಿಜಾರು ಬರುವ ಮೊದಲೇ ಬ್ರೇಕನ್ನು ಹಗುರವಾಗಿ ಒತ್ತಿ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳುವುದನ್ನು, ನಿಲ್ಲಬೇಕಾದ ಜಾಗಕ್ಕಿಂತ ಬಹಳ ಮುಂಚೆಯೇ ಬ್ರೇಕ್ ಹಿಡಿಯುವುದನ್ನು ಮಕ್ಕಳಿಗೆ ಹೇಳಿಕೊಡಬೇಕು. ಅಲ್ಯೂಮಿನಿಯಂ ರಿಮ್ಮಿನ ಸೈಕಲ್ಲುಗಳಲ್ಲಿ ಈ ತೊಂದರೆ ಸಾಕಷ್ಟು ಕಡಿಮೆ.

ಮತ್ತೆ ಗಿಲೀಟು ಹಾಕಿಸಬಹುದೆ?

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೆ 1960ರ ದಶಕದಿಂದ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಸಾಕಿಕೊಂಡವರು ರಾಜ್ಯದಲ್ಲಿ ಈಗಲೂ ಬೇಕಾದಷ್ಟು ಮಂದಿ ಇದ್ದಾರೆ. ಪೆಟ್ರೋಲ್ ಟ್ಯಾಂಕಿನ ಕೆನ್ನೆಯಿಂದ ಚಕ್ರದ ರಿಮ್ಮಿನವರೆಗೆ ಕ್ರೋಮ್ ತುಂಬಿದ ಆ ಬೈಕುಗಳನ್ನು ಉಳಿಸಿಕೊಂಡವರಿಗೆ ಮರುಲೇಪನದ ಸುಖದುಃಖ ಚೆನ್ನಾಗಿ ಗೊತ್ತು. ಹಳೆಯ ಲೇಪನವನ್ನು ಪೂರ್ತಿ ಕಳಚಿ, ಕುಳಿಗಳನ್ನು ತೀಡಿ, ತಾಮ್ರ ಹಾಕಿ ನಯಮಾಡಿ, ಮೇಲೆ ನಿಕ್ಕಲ್ ಸಾಕಷ್ಟು ದಪ್ಪಕ್ಕೆ ಕೂರಿಸಿದರೆ ಉಕ್ಕಿನ ರಿಮ್ ಮತ್ತೆ ಹೊಸದಾಗುತ್ತದೆ. ಹಳೆಯದರ ಮೇಲೆಯೇ ‘ಒಂದು ಕೋಟ್’ ಹಾಕಿಕೊಡುತ್ತೇವೆ ಎನ್ನುವ ಅಗ್ಗದ ಕೆಲಸ ಒಂದು ಮಳೆಗಾಲ ನಿಂತರೆ ಪುಣ್ಯ.

ಕಡ್ಡಿಗಳ ವಿಷಯ ಬೇರೆ. ಅವು ಬಿಗಿತದಲ್ಲಿ ದುಡಿಯುವ ಗಟ್ಟಿ ಉಕ್ಕು. ಆಮ್ಲದಲ್ಲೂ ಲೇಪನದ ತೊಟ್ಟಿಯಲ್ಲೂ ಹುಟ್ಟುವ ಜಲಜನಕ ಇಂಥ ಉಕ್ಕಿನೊಳಗೆ ಸೇರಿಕೊಂಡು ಅದನ್ನು ಪೆಡಸು ಮಾಡುತ್ತದೆ. ನೋಡಲು ಚೆನ್ನಾಗಿದ್ದ ಕಡ್ಡಿ ಒಂದು ದಿನ ಹಠಾತ್ತನೆ ತುಂಡಾಗುತ್ತದೆ. ಕಾರ್ಖಾನೆಯವರು ಲೇಪನದ ಬೆನ್ನಿಗೇ ಇನ್ನೂರು ಡಿಗ್ರಿಯ ಸುಮಾರಿಗೆ ಕಾಯಿಸಿ ಜಲಜನಕವನ್ನು ಓಡಿಸುತ್ತಾರೆ. ಸಣ್ಣ ಅಂಗಡಿಯಲ್ಲಿ ಇದನ್ನು ನಿರೀಕ್ಷಿಸುವುದಕ್ಕಿಂತ ಹೊಸ ಕಡ್ಡಿ ಕೊಳ್ಳುವುದೇ ಲೇಸು. ತೂತಿನ ಸುತ್ತ ಉಕ್ಕೇ ತಿಂದುಹೋಗಿರುವ ರಿಮ್ಮಿಗೂ ಇದೇ ಮಾತು. ಎಷ್ಟು ಹೊಳೆಯಿಸಿದರೂ ಅದಕ್ಕೆ ಬಲ ಬರುವುದಿಲ್ಲ.

ಟ್ಯೂಬ್‌ಲೆಸ್ ಟೈರಿನ ಅಲಾಯ್ ಚಕ್ರಗಳಲ್ಲಿ ಟೈರಿನ ಅಂಚು ಕೂರುವ ಜಾಗದಲ್ಲಿ ಕ್ರೋಮ್ ಎದ್ದರೆ ಗಾಳಿ ಮೆಲ್ಲಗೆ ಸೋರುತ್ತದೆ. ಎಲ್ಲೂ ಮೊಳೆ ಸಿಗದೆ ಪಂಕ್ಚರ್ ಅಂಗಡಿಯವನು ತಲೆ ಕೆರೆದುಕೊಳ್ಳುವುದು ಇಂಥ ಸಂದರ್ಭದಲ್ಲಿ. ಇನ್ನು, ‘ಕ್ರೋಮ್’ ಎಂದು ಮಾರುವುದೆಲ್ಲ ಕ್ರೋಮ್ ಅಲ್ಲ. ಪ್ಲಾಸ್ಟಿಕ್ಕಿನ ಮೇಲೆ ಲೇಪಿಸಿದ ಮುಚ್ಚಳಗಳಿವೆ. ಬೆಳ್ಳಿ ಛಾಯೆಯ ಬಣ್ಣ ಸಿಂಪಡಿಸಿದವುಗಳಿವೆ. ನಿರ್ವಾತದಲ್ಲಿ ಲೋಹದ ಆವಿ ಕೂರಿಸಿ ಮೇಲೆ ಪಾರದರ್ಶಕ ಬಣ್ಣ ಬಳಿದವೂ ಇವೆ. ಬಣ್ಣದ ಹೊದಿಕೆಯಿರುವ ಇಂಥವುಗಳಿಗೆ ಪಾಲಿಶ್, ಅಲ್ಯೂಮಿನಿಯಂ ಹಾಳೆ ಯಾವುದೂ ಸಲ್ಲದು, ಸೋಪಿನ ನೀರಷ್ಟೇ.

ತೊಟ್ಟಿಯಾಚೆಗಿನ ಬೆಲೆ

ಚಕ್ರದ ಮೇಲಿರುವ ಲೋಹರೂಪದ ಕ್ರೋಮಿಯಂ ಮುಟ್ಟಿದರೆ ಯಾರಿಗೂ ವಿಷವಲ್ಲ. ಆದರೆ ತೊಟ್ಟಿಯಲ್ಲಿರುವ ಕ್ರೋಮಿಕ್ ಆಮ್ಲದ ಹೆಕ್ಸಾವೇಲೆಂಟ್ ಕ್ರೋಮಿಯಂ ಬೇರೆಯೇ ಪ್ರಾಣಿ. ಜಲಜನಕದ ಗುಳ್ಳೆಗಳು ಒಡೆದಾಗ ಅದು ಮಂಜಿನಂತೆ ಮೇಲೇಳುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದ ಕೆಲಸಗಾರರ ಮೂಗಿನ ನಡುಗೋಡೆ ತೂತಾಗುವುದು ವೈದ್ಯರಿಗೆ ಹಳೆಯ ವಿಷಯ. ಶ್ವಾಸಕೋಶದ ಕ್ಯಾನ್ಸರಿಗೆ ಇದು ನಿಶ್ಚಿತ ಕಾರಣಗಳಲ್ಲೊಂದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ವರ್ಗೀಕರಿಸಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪ್ಲೇಟಿಂಗ್ ಘಟಕಗಳು ಬಹಳ ಇವೆ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಅಧ್ಯಯನಗಳು ದಾಖಲಿಸಿವೆ. ದೇಶದ ಕ್ರೋಮೈಟ್ ಅದಿರಿನ ಬಹುಪಾಲನ್ನು ಕೊಡುವ ಒಡಿಶಾದ ಸುಕಿಂದಾ ಕಣಿವೆ 2007ರಲ್ಲಿ ಜಗತ್ತಿನ ಹತ್ತು ಅತಿ ಮಲಿನ ತಾಣಗಳ ಪಟ್ಟಿಗೆ ಸೇರಿತ್ತು. ನಮ್ಮ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲೂ ಕ್ರೋಮೈಟ್ ಗಣಿ ಇದೆಯೆಂಬುದು ಜಿಲ್ಲೆಯ ಹೊರಗೆ ಹೆಚ್ಚು ಜನಕ್ಕೆ ತಿಳಿದಂತಿಲ್ಲ.

ತ್ಯಾಜ್ಯ ನೀರನ್ನು ಶುದ್ಧ ಮಾಡುವ ವಿಧಾನ ಗೊತ್ತಿಲ್ಲದ್ದೇನಲ್ಲ. ಆಮ್ಲೀಯ ಸ್ಥಿತಿಯಲ್ಲಿ ಸೋಡಿಯಂ ಬೈಸಲ್ಫೈಟ್ ಸೇರಿಸಿದರೆ ಕಿತ್ತಳೆ ಬಣ್ಣದ ನೀರು ಹಸಿರಾಗುತ್ತದೆ. ಅಂದರೆ ಹೆಕ್ಸಾವೇಲೆಂಟ್ ರೂಪ ಹೋಗಿ ಅಷ್ಟು ಅಪಾಯವಿಲ್ಲದ ಟ್ರೈವೇಲೆಂಟ್ ರೂಪ ಬಂತೆಂದು ಅರ್ಥ. ಮೇಲೆ ಸುಣ್ಣ ಹಾಕಿದರೆ ಗಸಿಯಾಗಿ ತಳಕ್ಕಿಳಿಯುತ್ತದೆ. ಇದಕ್ಕೆ ಹಣ ಬೇಕು, ಜಾಗ ಬೇಕು, ಕೇಳುವವರು ಬೇಕು. ಬಾಡಿಗೆಯ ಶೆಡ್ಡಿನಲ್ಲಿ ಚರಂಡಿಯ ಪಕ್ಕ ನಡೆಯುವ ಅಂಗಡಿ ಅತಿ ಅಗ್ಗದ ದರ ಹೇಳಿದಾಗ, ಅಗ್ಗವಾದದ್ದು ಯಾವುದರಿಂದ ಎಂಬ ಪ್ರಶ್ನೆ ಗಿರಾಕಿಗೂ ಬರಬೇಕು.

ಟ್ರೈವೇಲೆಂಟ್ ಕ್ರೋಮಿಯಂ ದ್ರಾವಣದಿಂದಲೇ ನೇರವಾಗಿ ಲೇಪಿಸುವ ವಿಧಾನ 1970ರ ದಶಕದಿಂದ ಮಾರುಕಟ್ಟೆಯಲ್ಲಿದೆ. ಮೊದಮೊದಲು ಅದರ ಬಣ್ಣ ಕೊಂಚ ಕಪ್ಪೆಂದು ಗಿರಾಕಿಗಳು ಒಪ್ಪಲಿಲ್ಲ. ಈಗ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿದಿದೆ. ಯುರೋಪಿನಲ್ಲಿ 2017ರ ಸೆಪ್ಟೆಂಬರಿನಿಂದ ಕ್ರೋಮಿಕ್ ಆಮ್ಲ ಬಳಸಲು ವಿಶೇಷ ಅನುಮತಿ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಮಾಡಿದ ನಿಯಮದಂತೆ ಅಲಂಕಾರದ ಲೇಪನಕ್ಕೆ ಅದರ ಬಳಕೆ 2027ರಿಂದ ಹಂತಹಂತವಾಗಿ ನಿಲ್ಲಬೇಕು. ಈ ಕ್ಷೇತ್ರದಲ್ಲಿ ಓದು ಮುಂದುವರಿಸುವ ಆಸಕ್ತಿಯಿದ್ದವರಿಗೆ ತಮಿಳುನಾಡಿನ ಕಾರೈಕುಡಿಯಲ್ಲಿ 1953ರಿಂದ ಕೆಲಸ ಮಾಡುತ್ತಿರುವ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆ ಇದೆ. ಲೋಹಗಳ ಸವೆತ ಅಲ್ಲಿ ಜೀವನಪೂರ್ತಿ ಅಧ್ಯಯನ ಮಾಡುವಷ್ಟು ದೊಡ್ಡ ವಿಷಯ.

ಇದನ್ನೆಲ್ಲ ಓದಿದ ಹುಡುಗರಿಗೆ ಮನೆಯಲ್ಲೇ ಪ್ರಯೋಗ ಮಾಡುವ ಉಮೇದು ಬರುವುದು ಸಹಜ. ಕ್ರೋಮಿನ ತಂಟೆ ಬೇಡವೇ ಬೇಡ. ಉಪ್ಪುನೀರಿಗೆ ಸ್ಟೇನ್‌ಲೆಸ್ ಸ್ಟೀಲಿನ ಚಮಚ ಇಳಿಸಿ ವಿದ್ಯುತ್ ಹರಿಸುವ ಪ್ರಯೋಗವೂ ಬೇಡ. ಅದರಲ್ಲಿನ ಕ್ರೋಮಿಯಂ ಕರಗಿ ಅದೇ ವಿಷರೂಪ ತಾಳಬಹುದು. ಬದಲಿಗೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಸಾಕು. ಗಾಜಿನ ಲೋಟದಲ್ಲಿ ಅದರ ನೀಲಿ ದ್ರಾವಣ, ಒಂದು ಟಾರ್ಚ್ ಸೆಲ್, ಧನ ತುದಿಗೆ ತಾಮ್ರದ ತಂತಿ, ಋಣ ತುದಿಗೆ ಹಿತ್ತಾಳೆಯ ಹಳೆಯ ಕೀಲಿಕೈ. ಹಿರಿಯರೊಬ್ಬರು ಪಕ್ಕದಲ್ಲಿರಲಿ, ಲೋಟ ಮತ್ತೆ ಅಡುಗೆಮನೆಗೆ ಹೋಗದಿರಲಿ, ಉಳಿದ ದ್ರಾವಣವನ್ನು ಬಾವಿ, ಕೆರೆಗೆ ಚೆಲ್ಲದಿರಲಿ; ಮೀನಿಗೆ ಅದು ವಿಷ. ಕೀಲಿಕೈಯ ಅರ್ಧವನ್ನು ಸೋಪು ಹಾಕಿ ಚೆನ್ನಾಗಿ ತೊಳೆದು, ಇನ್ನರ್ಧಕ್ಕೆ ತಲೆಯ ಎಣ್ಣೆ ಹತ್ತಿದ ಬೆರಳನ್ನು ಒತ್ತಿ ಇಳಿಸಬೇಕು. ಸ್ವಲ್ಪ ಹೊತ್ತಿಗೆ ತೊಳೆದ ಭಾಗಕ್ಕೆ ಕೆಂಪು ತಾಮ್ರ ಒಂದೇ ಸಮನೆ ಹತ್ತಿರುತ್ತದೆ. ಎಣ್ಣೆಯ ಭಾಗದಲ್ಲಿ ಬೆರಳಿನ ಗುರುತು ಬೋಳಾಗಿ ಎದ್ದುಕಾಣುತ್ತದೆ. ಅದರ ಅಂಚಿನಲ್ಲಿ ಅರೆಬರೆ ಹಿಡಿದ ತಾಮ್ರವನ್ನು ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತದೆ.